ಫೈರ್ ಎಂಜಿನ್ ನೀರು ಎಳೆಯುವುದಿಲ್ಲ

ಹಳೆಯ ಫೈರ್ ಎಂಜಿನ್ ಎಲ್ಲಾದರೂ ನಿಂತಿದ್ದರೆ ಜನ ಮೊದಲು ಅದರ ಹಿತ್ತಾಳೆ ಗಂಟೆ ಬಾರಿಸುತ್ತಾರೆ, ಆಮೇಲೆ ಏಣಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಗ್ನಿಶಾಮಕ ದಳದಿಂದ ನಿವೃತ್ತರಾದವರ ದಾರಿ ಬೇರೆ. ಸೀದಾ ಪಂಪಿನ ಹತ್ತಿರ ಹೋಗಿ, ಕುಕ್ಕರಗಾಲಲ್ಲಿ ಕೂತು, ನೀರು ಒಳಬರುವ ಸಕ್ಷನ್ ಬಾಯಿಯ ಮುಚ್ಚಳ ಬಿಚ್ಚಿ ಒಳಗಿನ ರಬ್ಬರ್ ವಾಷರನ್ನು ಬೆರಳಲ್ಲಿ ಸವರಿ ನೋಡುತ್ತಾರೆ. ಬಣ್ಣ ಯಾರು ಬೇಕಾದರೂ ಹೊಡೆಸಬಹುದು. ಗಾಡಿಗೆ ಜೀವ ಇದೆಯೋ ಇಲ್ಲವೋ ಎಂದು ಹೇಳುವುದು ಆ ವಾಷರು.

ಯಾಕೆ ಅಂದರೆ, ಪಂಪು ನೀರನ್ನು ಎಳೆಯುವುದಿಲ್ಲ. ತೋಟಕ್ಕೆ ಮೋಟಾರ್ ಇಟ್ಟವರೂ ‘ಪಂಪು ನೀರು ಎಳೀತಿಲ್ಲ ಮಾರಾಯ’ ಎಂದೇ ಹೇಳುತ್ತಾರೆ. ಎಳೆಯಲು ನೀರೇನು ಹಗ್ಗವೇ? ಪಂಪು ಮಾಡುವುದು ಇಷ್ಟೇ: ಪೈಪಿನೊಳಗಿನ ಗಾಳಿಯನ್ನು ಹೊರಗೆ ಹಾಕಿ ಜಾಗ ತೆರವು ಮಾಡುವುದು. ನೀರನ್ನು ಮೇಲಕ್ಕೆ ನೂಕುವುದು ಹೊರಗಿನ ಗಾಳಿ. ನಮ್ಮ ತಲೆಯ ಮೇಲಿನ ವಾತಾವರಣ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಹೇರಿಕೊಂಡು ಕೆರೆಯ ಮೇಲೆ ಕೂತಿದೆ. ಪೈಪಿನೊಳಗೆ ಆ ಭಾರ ಇಲ್ಲವಾದರೆ ನೀರು ಅಲ್ಲಿಗೆ ನುಗ್ಗುತ್ತದೆ. ವಾಷರು ಸೋರಿ ಗಾಳಿ ಒಳಬಂದರೆ ಅದು ನಡೆಯದು. ಎಲ್ಲಿಯವರೆಗೆ? ಒಳಗೆ ಏರಿದ ನೀರಿನ ಭಾರ ಹೊರಗಿನ ಗಾಳಿಯ ಭಾರಕ್ಕೆ ಸಮವಾಗುವವರೆಗೆ. ಸಮುದ್ರ ಮಟ್ಟದಲ್ಲಿ ಅದು 10.3 ಮೀಟರ್. ಲಂಡನ್ನಿನ ಎಂಜಿನ್ ತನ್ನಿ, ಜರ್ಮನಿಯದ್ದು ತನ್ನಿ, ಎಷ್ಟು ಕುದುರೆ ಶಕ್ತಿಯದ್ದಾದರೂ ಸರಿ, ಗಾಡಿಯ ಮೇಲೆ ಕೂತ ಪಂಪು ಕೆಳಗಿನ ನೀರನ್ನು ಅದಕ್ಕಿಂತ ಒಂದು ಗೇಣು ಮೇಲಕ್ಕೆ ತರಲಾರದು.

ಇಟಲಿಯ ಬಾವಿ ಪಂಪಿನವರಿಗೆ ಇದು ಅನುಭವದಿಂದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಗೆಲಿಲಿಯೊ ಕೂಡ 1638ರಲ್ಲಿ ಇದನ್ನು ಬರೆದು, ನೀರಿನ ಕಂಬ ತನ್ನ ಭಾರಕ್ಕೆ ತಾನೇ ಕಡಿದುಹೋಗುತ್ತದೆ ಎಂದು ತಪ್ಪು ವಿವರಣೆ ಕೊಟ್ಟ. ಅವನ ಶಿಷ್ಯ ಟೊರಿಚೆಲ್ಲಿ ನೀರಿನ ಬದಲು ಪಾದರಸ ಹಿಡಿದು ಗಾಳಿಯ ಭಾರವನ್ನೇ ತೂಗಿದ. 1648ರಲ್ಲಿ ಪಾಸ್ಕಲ್ ತನ್ನ ಭಾವ ಪೆರಿಯೆಯ ಕೈಯಲ್ಲಿ ಪಾದರಸದ ಕೊಳವೆ ಕೊಟ್ಟು ಫ್ರಾನ್ಸಿನ ಪ್ಯುಯಿ ದ ಡೋಮ್ ಬೆಟ್ಟ ಹತ್ತಿಸಿದ. ಮೇಲೆ ಹೋದಾಗ ಪಾದರಸ ಎಂಟು ಸೆಂಟಿಮೀಟರಿಗೂ ಹೆಚ್ಚು ಇಳಿದಿತ್ತು. ಕೊಲ್ಲೂರಿನಿಂದ ಕೊಡಚಾದ್ರಿಯ ತುದಿಗೆ ಸಾವಿರ ಮೀಟರಿಗೂ ಮಿಕ್ಕ ಏರು. ಅದೇ ಪ್ರಯೋಗವನ್ನು ಅಲ್ಲಿ ಮಾಡಿದರೂ ಅದೇ ಫಲ.

ಮಲೆನಾಡಿನವರಿಗೆ ಇದು ಬರೀ ಚರಿತ್ರೆಯ ಮಾತಲ್ಲ. ಪ್ರತಿ ನೂರು ಮೀಟರ್ ಮೇಲೆ ಹೋದಂತೆ ನೀರು ಏರುವ ಎತ್ತರದಲ್ಲಿ ಸುಮಾರು 12 ಸೆಂಟಿಮೀಟರ್ ಖೋತಾ. ಶಿವಮೊಗ್ಗ ಪೇಟೆ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ, ಅಲ್ಲಿಗೆ 10.3 ಹೋಗಿ 9.6 ಆಯಿತು. 1343 ಮೀಟರಿನ ಕೊಡಚಾದ್ರಿಯಲ್ಲಿ 8.8. ಇದು ಲೆಕ್ಕದ ಪುಸ್ತಕದ ಎತ್ತರ, ಕೈಗೆ ಸಿಗುವುದಲ್ಲ. ಬೇಸಿಗೆಯಲ್ಲಿ ನೀರು 30 ಡಿಗ್ರಿ ಬಿಸಿಯಿದ್ದರೆ ಅದರ ಆವಿಯ ಒತ್ತಡವೇ 40 ಸೆಂಟಿಮೀಟರ್ ತಿನ್ನುತ್ತದೆ. ಹೋಸಿನ ತುದಿಯ ಜರಡಿಯಾದ ಸ್ಟ್ರೈನರಿನ ತಡೆ, ಹೋಸಿನ ಒಳಮೈಯ ಉಜ್ಜಾಟ, ನೀರು ಓಡಬೇಕಾದ ವೇಗ ಎಲ್ಲ ತಂತಮ್ಮ ಪಾಲು ಕೇಳುತ್ತವೆ. ಕೊನೆಗೆ ನೆಚ್ಚಿಕೊಳ್ಳಬಹುದಾದದ್ದು ಆರೂವರೆ, ಏಳು ಮೀಟರ್. ತುಂಗೆ ಏಪ್ರಿಲ್ ತಿಂಗಳಲ್ಲಿ ತಳಕ್ಕಿಳಿದಾಗ ದಂಡೆಯ ಮೇಲೆ ನಿಂತ ಗಾಡಿಗೆ ನೀರು ಕಣ್ಣಿಗೆ ಕಾಣುತ್ತದೆ, ಬಾಯಿಗೆ ಬರುವುದಿಲ್ಲ.

ಹಾಗಾದರೆ ಪಂಪನ್ನೇ ನೀರಿನ ಹತ್ತಿರ ಒಯ್ಯಬೇಕು. ಹೊತ್ತುಕೊಂಡು ಹೋಗುವ ಪಂಪುಗಳು ಹುಟ್ಟಿದ್ದರ ಒಂದು ಕಾರಣ ಇದು. 1950ರ ಸುಮಾರಿಗೆ ಇಂಗ್ಲೆಂಡಿನ ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿ ಇಂಥ ಪಂಪಿಗಾಗಿ 1020 ಸಿಸಿಯ ಅಲ್ಯೂಮಿನಿಯಂ ಎಂಜಿನ್ ಮಾಡಿತು. 38 ಕುದುರೆ ಶಕ್ತಿ. ಹಗುರ ಎಂಬುದನ್ನೇ ಹೆಸರಾಗಿಸಿ ಅದಕ್ಕೆ ಫೆದರ್ ವೇಟ್ ಎಂದರು. ರೇಸ್ ಕಾರಿನವರ ಕಣ್ಣು ಬೀಳಲು ತಡವಾಗಲಿಲ್ಲ. ಅದನ್ನೇ 1098 ಸಿಸಿಗೆ ಹಿಗ್ಗಿಸಿ 1954ರಲ್ಲಿ ಫ್ರಾನ್ಸಿನ ಲೆ ಮಾನ್ ಕಾರು ಓಟಕ್ಕೆ ಇಳಿಸಿದರು. ಗಾಳಿ ಏಳು ಮೀಟರಿಗಿಂತ ಹೆಚ್ಚು ನೂಕಲಾರದು ಎಂಬ ಮಿತಿಯೂ ರೇಸ್ ಕಾರಿಗೆ ಎಂಜಿನ್ ಸಿಗಲು ಒಂದು ಕಾರಣವಾದ ಕಥೆ ಇದು.

ಈಗ ಅಸಲು ವಿಷಯ. ಗಾಳಿಯನ್ನು ಹೊರಗೆ ಹಾಕುವವರು ಯಾರು? ಹಳೆಯ ಪಿಸ್ಟನ್ ಪಂಪುಗಳು ಅದನ್ನು ತಾವೇ ಮಾಡಿಕೊಳ್ಳುತ್ತಿದ್ದವು. 1904ರಲ್ಲಿ ಫಿಂಚ್‌ಲಿ ಎಂಬ ಇಂಗ್ಲೆಂಡಿನ ಊರಿಗೆ ಮೆರಿವೆದರ್ ಕಂಪನಿ ಕೊಟ್ಟ ಪೆಟ್ರೋಲ್ ಗಾಡಿಯಲ್ಲಿ ಇದ್ದದ್ದು ಮೂರು ಸಿಲಿಂಡರಿನ ಹ್ಯಾಟ್‌ಫೀಲ್ಡ್ ಪಂಪು, ಪಿಸ್ಟನ್ ಜಾತಿಯದ್ದೇ. ನಾಲ್ಕು ವರ್ಷ ಕಳೆದು ಡೆನಿಸ್ ಕಂಪನಿಯ ಮೊದಲ ಫೈರ್ ಎಂಜಿನ್ ಬಂದಾಗ ಅದರಲ್ಲಿ ತಿರುಗುವ ಚಕ್ರದ ಪಂಪು ಕೂತಿತ್ತು. ಇವತ್ತಿನ ಗಾಡಿಗಳಲ್ಲೂ ಇರುವುದು ಆ ವಂಶವೇ: ಸೆಂಟ್ರಿಫ್ಯೂಗಲ್. ಕೆಸರು ನೀರಿಗೆ ಹೆದರುವುದಿಲ್ಲ, ನೀರು ಹೊರಹೋಗುವ ಡೆಲಿವರಿ ಬಾಯಿ ಮುಚ್ಚಿದರೂ ಒಡೆಯುವುದಿಲ್ಲ. ಒಂದೇ ಒಂದು ಊನ, ಗಾಳಿಯ ಮುಂದೆ ಅದು ಪೂರಾ ನಿಷ್ಪ್ರಯೋಜಕ.

ಮೊರದಲ್ಲಿ ತೂರುವುದನ್ನು ನೆನೆಯಿರಿ. ಎರಡೂ ಒಂದೇ ಮೊರದಿಂದ ಹಾರಿದರೂ ಕಾಳು ಹೋಗುವಲ್ಲಿಗೆ ಹೊಟ್ಟು ಹೋಗುವುದಿಲ್ಲ. ಕವಣೆಯಲ್ಲಿ ಕಲ್ಲಿಟ್ಟು ಬೀಸಿದರೆ ಮಂಗ ಓಡುತ್ತದೆ. ಅದೇ ಬೀಸಿನಲ್ಲಿ ಹತ್ತಿ ಉಂಡೆ ಇಟ್ಟರೆ ಮಂಗ ನಗುತ್ತದೆ. ಪಂಪಿನೊಳಗೆ ತಿರುಗುವ ಚಕ್ರ, ಇಂಪೆಲ್ಲರ್, ಅಂದರೆ ಸುತ್ತುತ್ತಲೇ ಇರುವ ಕವಣೆ. ತನ್ನೊಳಗೆ ಬಂದದ್ದನ್ನು ಅಂಚಿಗೆ ಎಸೆಯುತ್ತದೆ, ಎಸೆತದ ಬಲ ಎಸೆದ ವಸ್ತುವಿನ ಸಾಂದ್ರತೆಯ ಮೇಲೆ ನಿಂತಿದೆ. ಲೆಕ್ಕ ಹಾಕಿದರೆ ಮಜಾ ಇದೆ. ಒಂದು ಪಂಪು ನೀರನ್ನು 70 ಮೀಟರ್ ಎತ್ತರಕ್ಕೆ ಚಿಮ್ಮಿಸುವ ಒತ್ತಡ ಕೊಡುತ್ತದೆ ಎನ್ನಿ. ಅದೇ ವೇಗದಲ್ಲಿ ಅದರೊಳಗೆ ಗಾಳಿಯೇ ಇದ್ದರೆ ಅದು ಹುಟ್ಟಿಸುವುದು 70 ಮೀಟರ್ ಗಾಳಿಯ ಕಂಬದ ಒತ್ತಡ. ಶಿವಮೊಗ್ಗದ ಎತ್ತರದಲ್ಲಿ ನೀರು ಗಾಳಿಗಿಂತ ಸುಮಾರು 900 ಪಟ್ಟು ಭಾರ. 70 ಮೀಟರನ್ನು 900ರಿಂದ ಭಾಗಿಸಿ: ಎಂಟು ಸೆಂಟಿಮೀಟರ್! ನೂರಾರು ಕುದುರೆ ಶಕ್ತಿಯ ಗಾಡಿ ಭೋರ್ಗರೆದರೂ ಸಕ್ಷನ್ ಹೋಸಿನಲ್ಲಿ ನೀರು ಏರುವುದು ಅಂಗೈಯ ಅಗಲದಷ್ಟು.

ಆದ್ದರಿಂದ ಪ್ರೈಮಿಂಗ್, ಅಂದರೆ ಮೊದಲೇ ಗಾಳಿ ತೆಗೆದು ಪಂಪಿಗೆ ನೀರು ತುಂಬಿಸುವುದು. ತೋಟದ ಪಂಪಿಗೆ ಫುಟ್‌ವಾಲ್ವ್ ಇರುತ್ತದೆ, ಅದು ನೀರನ್ನು ಹಿಂದಕ್ಕೆ ಇಳಿಯಬಿಡುವುದಿಲ್ಲ, ಮೇಲಿನಿಂದ ಕೊಡದಲ್ಲಿ ನೀರು ತುಂಬಿಸುತ್ತೇವೆ. ವಾಲ್ವ್ ಸೋರುತ್ತಿದ್ದರೆ ಸಗಣಿ ನೀರು ಹಾಕುತ್ತೇವೆ, ನಾರು ಹೋಗಿ ಸಂದು ಮುಚ್ಚುತ್ತದೆ, ಚೆನ್ನಾದ ಉಪಾಯ. ಬೆಂಕಿಯ ಹೊತ್ತಿನಲ್ಲಿ ಕೊಡ ಹುಡುಕಲಾಗದು. ನೂರು ಮಿಲಿಮೀಟರ್ ವ್ಯಾಸದ ಹೋಸು ಏಳು ಮೀಟರ್ ಉದ್ದವಿದ್ದರೆ ಅದರಲ್ಲಿ 55 ಲೀಟರ್ ಗಾಳಿ. ಅದನ್ನು ಅರ್ಧ ನಿಮಿಷದಲ್ಲಿ ತೆಗೆಯಬೇಕು. ಹಲವು ಹಳೆಯ ಗಾಡಿಗಳಲ್ಲಿ ಇದಕ್ಕೆ ಎಂಜಿನ್ನಿನ ಹೊಗೆಯನ್ನೇ ಬಳಸಿದ್ದಾರೆ. ಸನ್ನೆ ಎಳೆದರೆ ಒಂದು ತಟ್ಟೆ ಸೈಲೆನ್ಸರಿನ ದಾರಿ ಮುಚ್ಚುತ್ತದೆ, ಹೊಗೆಯೆಲ್ಲ ಒಂದು ಕಿರಿದಾದ ಮೂತಿಯಿಂದ ರಭಸವಾಗಿ ನುಗ್ಗುತ್ತದೆ. ರಭಸವಾಗಿ ಓಡುವ ಹೊಗೆ ಪಕ್ಕದ ಗಾಳಿಯನ್ನೂ ಕೈಹಿಡಿದು ಕರೆದೊಯ್ಯುತ್ತದೆ. ಆ ಪಕ್ಕದ ಗಾಳಿ ಬರುವುದು ಪಂಪಿನ ಹೊಟ್ಟೆಯಿಂದ. ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪಿನಲ್ಲಿ ಡಬ್ಬಿಯ ಔಷಧಿ ಮೇಲೆ ಬರುತ್ತಿದ್ದದ್ದು ಹೀಗೇ. ಬಸ್ಸು ಹಾದುಹೋದಾಗ ರಸ್ತೆ ಬದಿಯ ತರಗೆಲೆ ಅದರ ಹಿಂದೆ ಓಡುವುದನ್ನೂ ಇದರ ದೂರದ ನೆಂಟ ಎನ್ನಬಹುದು. ಕಿವಿಗಡಚಿಕ್ಕುವ ಸದ್ದು, ಒಳಗಿನ ಒತ್ತಡ ಎಷ್ಟು ಇಳಿಯಿತೆಂದು ತೋರಿಸುವ ಗೇಜಿನ ಮುಳ್ಳು ಏರುತ್ತದೆ, ಹೊಗೆಯ ಜತೆ ನೀರು ಉಗುಳಿದ ಕೂಡಲೇ ಸನ್ನೆ ಬಿಡಬೇಕು. ಆ ತಟ್ಟೆ ಕೂರುವ ಜಾಗದಲ್ಲಿ ಮಸಿ ಗಟ್ಟಿಯಾಗಿದ್ದರೆ ಹೊಗೆ ಸೈಲೆನ್ಸರಿಗೇ ಸೋರಿಹೋಗಿ ಸದ್ದು ಮಾತ್ರ ಉಳಿಯುತ್ತದೆ. ಹಳೆಯ ಗಾಡಿ ದುರಸ್ತಿ ಮಾಡುವವರು ಮೊದಲು ಕೆರೆಯಬೇಕಾದ ಮಸಿ ಅದು.

ಪರೀಕ್ಷೆಗೆ ನೀರು ಬೇಕಿಲ್ಲ. ಸಕ್ಷನ್ ಬಾಯಿಗೆ ಮುಚ್ಚಳ ಬಿಗಿದು, ಡೆಲಿವರಿ, ಡ್ರೈನ್ ಎಲ್ಲ ಮುಚ್ಚಿ ಪ್ರೈಮರ್ ಓಡಿಸಿ. ಅಮೆರಿಕದ ಪದ್ಧತಿಯಲ್ಲಿ ಗೇಜು 22 ಇಂಚು ಪಾದರಸಕ್ಕೆ ಬರಬೇಕು, ನಿಲ್ಲಿಸಿದ ಮೇಲೆ ಐದು ನಿಮಿಷದಲ್ಲಿ 10 ಇಂಚಿಗಿಂತ ಹೆಚ್ಚು ಇಳಿಯಬಾರದು. ಶಿವಮೊಗ್ಗದಲ್ಲಿ ಗಾಳಿಯ ಒಟ್ಟು ಭಾರವೇ 28 ಇಂಚು, ಕೊಡಚಾದ್ರಿಯ ಮೇಲೆ ಇಪ್ಪತ್ತೈದೂವರೆ. ಘಟ್ಟದ ಮೇಲೆ 22 ಬರಲಿಲ್ಲ ಎಂದು ಪಂಪನ್ನು ಬೈಯುವ ಮುಂಚೆ ಇದು ನೆನಪಿರಲಿ. ಮುಳ್ಳು ಬೇಗ ಇಳಿದರೆ ಸಂದು ಸಂದಿಗೂ ಸೋಪಿನ ನೊರೆ ಹಚ್ಚಿ, ಎಲ್ಲಿ ನೊರೆ ಒಳಗೆ ಹೋಗುತ್ತದೋ ಅಲ್ಲೇ ಕಳ್ಳ. ಊದುಬತ್ತಿಯ ಹೊಗೆಯೂ ತೋರಿಸುತ್ತದೆ, ಆದರೆ ಪೆಟ್ರೋಲ್ ಗಾಡಿಯ ಹತ್ತಿರ ಆ ಸಾಹಸ ಬೇಡ. ಸಾಮಾನ್ಯವಾಗಿ ಕಳ್ಳ ಸಿಗುವುದು ಗ್ಲ್ಯಾಂಡಿನಲ್ಲಿ, ಅಂದರೆ ಶಾಫ್ಟು ಪಂಪಿನೊಳಗೆ ಹೋಗುವ ಕಡೆ ಹಗ್ಗ ತುರುಕಿ ಸಂದು ಮುಚ್ಚಿದ ಜಾಗದಲ್ಲಿ. ಒಣಗಿ ನಿಂತ ಗಾಡಿಯ ಗ್ಲ್ಯಾಂಡ್ ರೋಪ್ ಸೆಟೆದಿರುತ್ತದೆ. ಹೊಸದು ಹಾಕಿದವರು ಒಂದು ಹನಿಯೂ ಸೋರದಂತೆ ಬಿಗಿಯುತ್ತಾರೆ, ಅದೂ ತಪ್ಪು: ಓಡುವಾಗ ತೊಟ್ಟು ತೊಟ್ಟು ನೀರು ಬೀಳಬೇಕು, ಇಲ್ಲವಾದರೆ ಶಾಫ್ಟು ಸುಡುತ್ತದೆ. ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡಿ, ಕುಂಬಳಕಾಯಿ ಒಡೆಯಿರಿ, ಸಂತೋಷ. ಪಂಪು ಕೈಕೊಟ್ಟಾಗ ಮಾತ್ರ ದೃಷ್ಟಿ ತಾಗಿತು ಎನ್ನಬೇಡಿ, ನಿಂಬೆಹಣ್ಣಿಗೆ ಗ್ಲ್ಯಾಂಡಿನ ದಾರಿ ಗೊತ್ತಿಲ್ಲ.

ನೀರಿಗೆ ಇಳಿಸಿದಾಗ ಅದೇ ಗೇಜು ವೈದ್ಯನಾಗುತ್ತದೆ. ಒಂದು ಇಂಚು ಪಾದರಸ ಅಂದರೆ ಸುಮಾರು 34 ಸೆಂಟಿಮೀಟರ್ ನೀರು. ಐದು ಮೀಟರ್ ಕೆಳಗಿನ ಕೆರೆಗೆ ಹದಿನಾಲ್ಕೂವರೆ ಇಂಚು, ಹೋಸಿನ ತಡೆ ಸೇರಿ ಹದಿನೇಳರ ಆಸುಪಾಸು ಇರಬೇಕು. 23 ತೋರಿಸಿ ನೀರು ಸಣ್ಣಗೆ ಬರುತ್ತಿದ್ದರೆ ಸ್ಟ್ರೈನರಿಗೆ ಎಲೆ, ಪಾಚಿ ಸುತ್ತಿದೆ, ಅಥವಾ ಹಳೆಯ ಹೋಸಿನ ಒಳಪದರ ಬಿಟ್ಟು ದಾರಿಗೆ ಅಡ್ಡ ಮಲಗಿದೆ. ಎರಡನೆಯದನ್ನು ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಮುಳ್ಳು ಕೆಳಗೇ ಕುಣಿಯುತ್ತಿದ್ದರೆ ಗಾಳಿ ನುಗ್ಗುತ್ತಿದೆ. ಹೋಸು ನೀರಿನಿಂದ ಪಂಪಿನವರೆಗೆ ಏರುತ್ತಲೇ ಹೋಗಬೇಕು. ಬಾವಿಕಟ್ಟೆಯ ಮೇಲೆ ಹತ್ತಿ ಇಳಿದರೆ ಆ ಡುಬ್ಬದಲ್ಲಿ ಗಾಳಿ ಮನೆ ಕಟ್ಟುತ್ತದೆ. ಸ್ಟ್ರೈನರು ಹೋಸಿನ ವ್ಯಾಸದ ಮೂರು ಪಟ್ಟಾದರೂ ಮುಳುಗಿರಬೇಕು, ನೂರು ಮಿಲಿಮೀಟರಿಗೆ ಒಂದು ಅಡಿ. ಕಡಿಮೆಯಾದರೆ ಸುಳಿ ಎದ್ದು ಅದರ ನಡುವಿನಿಂದ ಗಾಳಿ ಇಳಿಯುತ್ತದೆ. ಡೆಲಿವರಿ ಮುಚ್ಚಿಟ್ಟು ಬಹಳ ಹೊತ್ತು ಪಂಪು ತಿರುಗಿಸಿದರೆ ಒಳಗಿನ ನೀರು ಬಿಸಿಯಾಗಿ ಆವಿ ಎದ್ದು, ಹಿಡಿದ ನೀರೂ ಬಿಟ್ಟುಹೋಗುತ್ತದೆ.

ಗಾಳಿಯನ್ನು ಇಷ್ಟು ಬೈದ ಮೇಲೆ ಅದರ ಉಪಕಾರವನ್ನೂ ಹೇಳಬೇಕು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ರಿಚರ್ಡ್ ನ್ಯೂಶಮ್ ಮಾಡಿದ ಕೈಪಂಪಿನ ಗಾಡಿಗಳಲ್ಲಿ ಎರಡು ಪಿಸ್ಟನ್ನುಗಳ ಜೊತೆ ಒಂದು ಗಾಳಿಯ ಪಾತ್ರೆ ಇತ್ತು. ಪಿಸ್ಟನ್ ಒತ್ತಿದಾಗ ನೀರು ಪಾತ್ರೆಗೆ ನುಗ್ಗಿ ಗಾಳಿಯನ್ನು ಅಮುಕುತ್ತದೆ. ಪಿಸ್ಟನ್ ತಿರುಗಿ ಬರುವ ಹೊತ್ತಿನಲ್ಲಿ ಆ ಗಾಳಿ ಸ್ಪ್ರಿಂಗಿನಂತೆ ಹಿಗ್ಗಿ ನೀರನ್ನು ತಳ್ಳುತ್ತಲೇ ಇರುತ್ತದೆ. ಚಿಳ್ ಚಿಳ್ ಎಂದು ಹಾರುತ್ತಿದ್ದದ್ದು ಒಂದೇ ಧಾರೆಯಾಯಿತು. ಮ್ಯೂಸಿಯಂ ಬೇಡ, ಮಳೆಗಾಲದ ಮೊದಲು ಯಾವ ಅಡಕೆ ತೋಟಕ್ಕಾದರೂ ಹೋಗಿ. ಕೊಳೆರೋಗವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಧ್ಯಯನ ಮಾಡಿ ಸೂಚಿಸಿದ ಬೋರ್ಡೋ ದ್ರಾವಣವನ್ನು, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಕಲಸಿ, ಹಿಡಿಯನ್ನು ಹಿಂದೆ ಮುಂದೆ ತಳ್ಳುವ ಕೈಪಂಪಿನಲ್ಲಿ ಗೊನೆಗೆ ಹೊಡೆಯುತ್ತಿರುತ್ತಾರೆ. ಪಂಪಿನ ಮೇಲೆ ನೆಟ್ಟಗೆ ನಿಂತ ಆ ಉರುಟು ಪಾತ್ರೆ ನ್ಯೂಶಮ್ಮನ ಗಾಡಿಯಲ್ಲಿದ್ದಂಥದ್ದೇ. ಬಹಳ ಹೊತ್ತು ಹೊಡೆದ ಮೇಲೆ ಧಾರೆ ಮತ್ತೆ ಜಗ್ಗತೊಡಗಿದರೆ ಪಾತ್ರೆಯ ಗಾಳಿ ನೀರಿನಲ್ಲಿ ಕರಗಿ ಹೋಗಿದೆ ಎಂದು ಅರ್ಥ. ನಿಲ್ಲಿಸಿ, ಪಾತ್ರೆ ಪೂರ್ತಿ ಬಸಿದು, ಗಾಳಿ ತುಂಬಿಕೊಳ್ಳಲು ಬಿಟ್ಟು ಮತ್ತೆ ಶುರು ಮಾಡಬೇಕು. ಹಳೆಯ ಪಿಸ್ಟನ್ ಫೈರ್ ಎಂಜಿನ್ನಿಗೂ ಇದೇ ಮದ್ದು.

ಇನ್ನು ಆ ವಾಷರು. ಗಾಡಿ ನಿಲ್ಲಿಸುವ ಮುಂಚೆ ಪಂಪಿನ ನೀರು ಪೂರಾ ಬಸಿದು, ವಾಷರನ್ನು ಚಡಿಯಿಂದ ತೆಗೆದು, ಮರಳು ತೊಳೆದು ಒಣಗಿಸಿ. ಮೆತ್ತಗಿರಲಿ ಎಂದು ಕೆಲವರು ಗ್ರೀಸ್ ಸವರುತ್ತಾರೆ, ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಹಳೆಯ ಗಾಡಿಯದ್ದು ನೈಸರ್ಗಿಕ ರಬ್ಬರಾದರೆ ಎಣ್ಣೆ ಕುಡಿದು ಊದಿಕೊಂಡು ಮತ್ತೆ ಚಡಿಯಲ್ಲಿ ಕೂರುವುದಿಲ್ಲ. ಮುಖಕ್ಕೆ ಹಾಕುವ ಟಾಲ್ಕಂ ಪೌಡರ್ ಒಂದು ಚಿಟಿಕೆ ಉದುರಿಸಿದರೆ ಸಾಕು.