ಡಬಲ್ಸ್ ಆಡಿದ್ರೆ ಏನ್ ಸಿಕ್ತದೆ ಸಾ?

ಮೈಸೂರಲ್ಲಿ ಬ್ಯಾಡ್ಮಿಂಟನ್ ಅನ್ನೋರು ಕಡಿಮೆ. ಷಟಲ್ ಅಂತಾರೆ. ಬೆಳಿಗ್ಗೆ ಐದೂವರೆಗೆ ರಿಂಗ್ ರೋಡ್ ಕಡೆ ಹೋಗಿ ನೋಡಿ, ತಗಡಿನ ಶೀಟು ಹೊದಿಸಿದ ಶೆಡ್ಡುಗಳಲ್ಲಿ ಲೈಟು ಉರಿಯುತ್ತಿರುತ್ತದೆ, ಹೊರಗೆ ಸ್ಕೂಟರ್ ಸಾಲು, ಒಳಗೆ ಕೋರ್ಟಿಗೆ ನಾಲ್ಕು ಜನ. ಇಬ್ಬರೇ ಆಡುವುದು ಅಪರೂಪ. ಗಂಟೆ ಲೆಕ್ಕದ ಬಾಡಿಗೆಯನ್ನು ನಾಲ್ಕು ಜನ ಹಂಚಿಕೊಂಡರೆ ಹಗುರ, ಕಾಯುತ್ತಾ ಕೂತವರ ಸರದಿಯೂ ಬೇಗ ಬರುತ್ತದೆ, ಐವತ್ತು ದಾಟಿದ ಮಂಡಿಗೂ ಕ್ಷೇಮ. ಊರಿಗೆ ಊರೇ ಡಬಲ್ಸ್ ಆಡುತ್ತದೆ. ಆದರೆ ಮನೆಯ ಮಗಳು ಇನ್ನು ಮೇಲೆ ಡಬಲ್ಸ್ ಮಾತ್ರ ಆಡ್ತೀನಿ ಅಂದರೆ ಅಪ್ಪ ಅಮ್ಮನ ಮುಖ ಸಪ್ಪಗಾಗುತ್ತದೆ.

ನಾನು ಹೋಗುವ ಶೆಡ್ಡಿಗೆ ಮಂಡ್ಯದಿಂದ ಒಬ್ಬರು ಮಗಳನ್ನು ಕರೆದುಕೊಂಡು ಬರುತ್ತಾರೆ. ಹುಡುಗಿಗೆ ಹದಿನಾರು. ಅವಳು ಆಡುತ್ತಿದ್ದರೆ ಇವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫ್ಲಾಸ್ಕಿನ ಟೀ ಕುಡಿಯುತ್ತಾರೆ. ಒಂದು ದಿನ ಕೇಳಿದರು: "ಸಿಂಗಲ್ಸ್ ಆದ್ರೆ ಸೈನಾ, ಸಿಂಧು ಅಂತ ಹೆಸರಾದ್ರೂ ಹೇಳ್ಬೋದು ಸಾ. ಡಬಲ್ಸ್ ಆಡಿದ್ರೆ ಏನ್ ಸಿಕ್ತದೆ?"

ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು. ಮೊದಲು ದುಡ್ಡನ್ನೇ ನೋಡೋಣ. 2024ರ ಕೊನೆಯಲ್ಲಿ ಲಖನೌದ ಸೈಯದ್ ಮೋದಿ ಟೂರ್ನಿಯಲ್ಲಿ ಸಿಂಧು ಸಿಂಗಲ್ಸ್ ಗೆದ್ದರು, ಟ್ರೀಸಾ ಜಾಲಿ ಮತ್ತು ಗಾಯತ್ರಿ ಗೋಪಿಚಂದ್ ಡಬಲ್ಸ್ ಗೆದ್ದರು. ಸಿಂಗಲ್ಸ್ ಗೆದ್ದವರಿಗೆ 15,750 ಡಾಲರ್. ಡಬಲ್ಸ್ ಜೋಡಿಗೆ 16,590. ಪರವಾಗಿಲ್ವಲ್ಲ ಅನ್ನಿಸುತ್ತೆ, ಆದರೆ ಅದು ಇಬ್ಬರಿಗೂ ಸೇರಿ. ತಲೆಗೆ 8,295. ವಿಮಾನದ ಟಿಕೆಟ್ಟು, ಊಟ ಮಾತ್ರ ಇಬ್ಬರಿಗೂ ಪೂರ್ತಿ.

ಹೆಸರಿನ ಕಥೆಯೂ ಹೀಗೇ. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿಯ ಸಿಂಗಲ್ಸ್ ಗೆದ್ದ ಮೇಲೆ ಕರ್ನಾಟಕದಲ್ಲಿ ಷಟಲ್ ಅಂದರೆ ಒಬ್ಬನ ಆಟ ಅಂತಾಯಿತು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಲೆರಾಯ್ ಡಿಸಾ, ಪ್ರದೀಪ್ ಗಂಧೆ ಡಬಲ್ಸ್‌ನಲ್ಲಿ ಕಂಚು ತಂದರು. ಆ ಹೆಸರುಗಳು ನಮ್ಮ ಶೆಡ್ಡಿನಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಕೇಳಿ ನೋಡಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಸಿಂಗಲ್ಸ್‌ನಲ್ಲಿ ಮೇಲೆ ಹೋಗದವರು ಕೊನೆಗೆ ಸೇರುವ ಜಾಗ ಡಬಲ್ಸ್ ಅನ್ನುವ ಮಾತು ತುಂಬಾ ವರ್ಷ ಓಡಾಡಿತು.

ಮಂಡ್ಯ ಕಡೆ ಇನ್ನೊಂದು ವಿಷಯ ಇತ್ತು. ಶಾಲೆ ಮೈದಾನದಲ್ಲಿ ಗಾಳಿ. ಐದು ಗ್ರಾಂ ತೂಕದ ಕಾಕು (ಗರಿಯ ಷಟಲ್‌ಕಾಕ್) ಅಲ್ಲಿ ಹೇಳಿದ ಕಡೆ ಹೋಗಲ್ಲ. ಹಾಗಾಗಿ ಪಿ.ಟಿ. ಮೇಷ್ಟ್ರು ಆಡಿಸಿದ್ದು ಬಾಲ್ ಬ್ಯಾಡ್ಮಿಂಟನ್, ಹಳದಿ ಉಲ್ಲನ್ ಚೆಂಡು, ಒಂದು ಕಡೆಗೆ ಐದು ಜನ. ಪಕ್ಕದವನಿಗೆ ಬಿಟ್ಟುಕೊಡೋದು, ಖಾಲಿ ಜಾಗ ತುಂಬೋದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಳಾಂಗಣ ಕೋರ್ಟು ಮಾತ್ರ ಇರಲಿಲ್ಲ. ಈಗ ಶೆಡ್ಡುಗಳು ಬಂದಿವೆ, ಹಳದಿ ಚೆಂಡು ಹಿಂದೆ ಸರಿದಿದೆ. ನನಗೇನೋ ಅದರ ಬಗ್ಗೆ ಬೇಜಾರಿದೆ, ಇರಲಿ.

ಡಬಲ್ಸ್ ಬೇರೆಯದೇ ಕಸುಬು ಅನ್ನೋದನ್ನ ಕೋರ್ಟಿನ ಗೆರೆಗಳೇ ಹೇಳುತ್ತವೆ. ಸಿಂಗಲ್ಸ್‌ಗೆ 17 ಅಡಿ ಅಗಲ, ಡಬಲ್ಸ್‌ಗೆ 20. ಆದರೆ ಡಬಲ್ಸ್‌ನಲ್ಲಿ ಸರ್ವ್ ಬೀಳಬೇಕಾದ ಜಾಗ ಹಿಂದಿನ ಗೆರೆಗಿಂತ ಎರಡೂವರೆ ಅಡಿ ಮೊದಲೇ ಮುಗಿಯುತ್ತದೆ. ಎತ್ತರಕ್ಕೆ ಹೊಡೆದು ಹಿಂದಕ್ಕೆ ಕಳಿಸಿ ಉಸಿರು ಬಿಡೋಣ ಅಂದರೆ ಆಗಲ್ಲ, ಎದುರಿನವರು ಗೆರೆ ಹತ್ತಿರವೇ ರಾಕೆಟ್ ಎತ್ತಿ ನಿಂತಿರುತ್ತಾರೆ, ಕಾಕು ನೆಟ್ಟಿನ ಪಟ್ಟಿ ಮೇಲೆ ಎರಡು ಬೆರಳು ಜಾಸ್ತಿ ಎದ್ದರೆ ಅಲ್ಲೇ ಮುಗೀತು. 2006ಕ್ಕೆ ಮೊದಲು ಸರ್ವ್ ಮಾಡಿದ ಕಡೆಗೆ ಮಾತ್ರ ಪಾಯಿಂಟ್ ಬರುತ್ತಿತ್ತು, ಜೋಡಿಗೆ ಎರಡು ಸರ್ವೀಸ್ ಇರುತ್ತಿತ್ತು, ಒಬ್ಬರು ಕೆಡಿಸಿದರೆ ಇನ್ನೊಬ್ಬರು ಸಂಭಾಳಿಸಬಹುದಿತ್ತು. 21 ಪಾಯಿಂಟಿನ ಹೊಸ ಲೆಕ್ಕ ಬಂದಮೇಲೆ ಒಂದು ತಪ್ಪಿಗೆ ಒಂದು ಪಾಯಿಂಟು. ನಮ್ಮ ಶೆಡ್ಡಿನ ಹಿರಿಯರೊಬ್ಬರು ಸರ್ವ್ ಕೆಟ್ಟರೆ ಇವತ್ತಿಗೂ "ಸೆಕೆಂಡ್ ಸರ್ವೀಸ್!" ಅಂತ ಕೂಗುತ್ತಾರೆ. ಯಾರೂ ಕೊಡೋದಿಲ್ಲ.

ಆ ಹೊಸ ಲೆಕ್ಕದ ಕಾಲಕ್ಕೆ ಬಂದವರು ಅಶ್ವಿನಿ ಪೊನ್ನಪ್ಪ. ಕೊಡಗು ಮೂಲ, ಹುಟ್ಟಿದ್ದು ಬೆಂಗಳೂರು. ಜ್ವಾಲಾ ಗುಟ್ಟಾ ಜೊತೆ 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಚಿನ್ನ. ಮರುವರ್ಷ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಕಂಚು. 1983ರಲ್ಲಿ ಪ್ರಕಾಶ್ ಗೆದ್ದ ಕಂಚಿನ ನಂತರ ಆ ಕೂಟದಲ್ಲಿ ಭಾರತಕ್ಕೆ ಪದಕ ಬಂದದ್ದು ಅದೇ ಮೊದಲು, ಅದೂ ಡಬಲ್ಸ್‌ನಿಂದ. ಸಿಂಧು, ಸೈನಾ ಪದಕಗಳೆಲ್ಲ ಅದಾದ ಮೇಲಿನವು. ಈ ಸಾಲನ್ನು ಹೇಳಿದಾಗ ಮಂಡ್ಯದ ಅಪ್ಪ ಟೀ ಕೆಳಗಿಟ್ಟು, "ಹೌದಾ ಸಾ?" ಅಂದರು.

ನಂತರ ಬಂದದ್ದು 2012ರ ಒಲಿಂಪಿಕ್ಸ್. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಜ್ವಾಲಾ, ಅಶ್ವಿನಿ ಗುಂಪಿನ ಮೂರು ಪಂದ್ಯದಲ್ಲಿ ಎರಡು ಗೆದ್ದರು. ಮೂರು ಜೋಡಿಗೆ ತಲಾ ಎರಡು ಗೆಲುವು, ಹಾಗಾಗಿ ಆಡಿದ ಪಾಯಿಂಟುಗಳ ಲೆಕ್ಕ ಹಾಕಿದರು. ಒಂದೇ ಒಂದು ಪಾಯಿಂಟಿನಲ್ಲಿ ಹೊರಗೆ. ಅದೇ ಗುಂಪಿನ ಜಪಾನ್ ಜೋಡಿ ತೈಪೆ ಜೋಡಿಗೆ ಸೋತ ರೀತಿ ಸರಿಯಿಲ್ಲ ಅಂತ ಭಾರತ ದೂರು ಕೊಟ್ಟಿತು, ನಡೆಯಲಿಲ್ಲ. ಅದೇ ಮಹಿಳಾ ಡಬಲ್ಸ್‌ನಲ್ಲಿ ಬೇಕಂತಲೇ ಸೋಲಲು ನೋಡಿದರು ಅಂತ ಬೇರೆ ನಾಲ್ಕು ಜೋಡಿಗಳನ್ನು ಹೊರಹಾಕಿದ್ದು ಲೋಕಕ್ಕೆಲ್ಲ ಗೊತ್ತು.

2013ರಲ್ಲಿ ದೇಶದ ಮೊದಲ ಬ್ಯಾಡ್ಮಿಂಟನ್ ಲೀಗ್ ಶುರುವಾಯಿತು. ಅದರಲ್ಲಿ ಮಹಿಳಾ ಡಬಲ್ಸನ್ನೇ ಕೈಬಿಟ್ಟರು. ಜ್ವಾಲಾ, ಅಶ್ವಿನಿ ಇಬ್ಬರ ಮೂಲ ಬೆಲೆಯನ್ನು 50,000 ಡಾಲರ್‌ನಿಂದ 25,000ಕ್ಕೆ ಇಳಿಸಿದರು. ವಿಶ್ವ ಪದಕ ಗೆದ್ದ ಎರಡು ವರ್ಷಕ್ಕೆ ಇದು.

ಗಾಳಿ ತಿರುಗಿದ್ದು ಕೋಚಿಂಗ್‌ನಿಂದ. 2015ರಲ್ಲಿ ಮಲೇಷ್ಯಾದ ತಾನ್ ಕಿಮ್ ಹರ್ ಡಬಲ್ಸ್ ಕೋಚ್ ಆಗಿ ಬಂದರು. ಅಮಲಾಪುರದ ಸಾತ್ವಿಕ್, ಮುಂಬೈನ ಚಿರಾಗ್ ಶೆಟ್ಟಿ ಇಬ್ಬರನ್ನೂ ಜೋಡಿ ಮಾಡಿದ್ದು ಅವರೇ. ಇಬ್ಬರೂ ಎತ್ತರ, ಇಬ್ಬರಿಗೂ ಹಿಂದೆ ನಿಂತು ಸ್ಮ್ಯಾಶ್ ಹೊಡೆಯುವ ಆಸೆ, ನೆಟ್ ಹತ್ತಿರ ನಿಲ್ಲಲು ಯಾರಿಗೂ ಮನಸ್ಸಿಲ್ಲ. ಭಾನುವಾರದ ನಮ್ಮ ಶೆಡ್ಡಿನ ಜಗಳವೂ ಇದೇ, ಅಲ್ವಾ? ಆದರೆ ಅವರು ಕಲಿತರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನ, ಅದೇ ಅಕ್ಟೋಬರ್‌ನಲ್ಲಿ ವಿಶ್ವ ನಂಬರ್ ಒನ್. ಡಿಸಾ, ಗಂಧೆ ಕಂಚಿನಿಂದ ಅಲ್ಲಿಗೆ 41 ವರ್ಷ.

ಇಷ್ಟಾದರೂ ಡಬಲ್ಸ್ ಆಟಗಾರ್ತಿಯ ಬದುಕು ಇನ್ನೊಬ್ಬರ ಕೈಯಲ್ಲಿ ಅರ್ಧ ಇರುತ್ತದೆ. ರ‍್ಯಾಂಕಿಂಗ್ ಜೋಡಿಯದ್ದು, ಒಬ್ಬರದ್ದಲ್ಲ. ಜೊತೆಯವರ ಮಂಡಿ ಹೋದರೆ ನಿಮ್ಮ ವರ್ಷವೂ ಹೋಯಿತು. ಅಶ್ವಿನಿ ಜ್ವಾಲಾ ನಂತರ ಸಿಕ್ಕಿ ರೆಡ್ಡಿ ಜೊತೆ ಆಡಿ 2018ರ ಕಾಮನ್‌ವೆಲ್ತ್‌ನಲ್ಲಿ ಕಂಚು ಗೆದ್ದರು. ಆಮೇಲೆ ತಮಗಿಂತ ಎಷ್ಟೋ ಚಿಕ್ಕವಳಾದ ತನಿಷಾ ಕ್ರಾಸ್ಟೊ ಜೊತೆ ಮತ್ತೆ ಸಣ್ಣ ಟೂರ್ನಿಗಳಿಂದ ಮೇಲೆ ಬಂದರು. 34ನೇ ವಯಸ್ಸಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಮುಟ್ಟಿದರು. ಮೂರೂ ಪಂದ್ಯ ಸೋತು, ಇದೇ ನನ್ನ ಕೊನೆಯ ಒಲಿಂಪಿಕ್ಸ್ ಅಂತ ಅತ್ತರು.

ಮಂಡ್ಯದ ಹುಡುಗಿಗೂ ಈ ಕಷ್ಟ ಬಂದಿದೆ, ಸಣ್ಣ ಅಳತೆಯಲ್ಲಿ. ಎರಡು ವರ್ಷ ಜೊತೆಗೆ ಆಡಿದ ಗೆಳತಿ ಪಿಯುಸಿ ಸೇರಿದಳು, ಮನೆಯವರು ನೀಟ್ ಕೋಚಿಂಗ್‌ಗೆ ಹಾಕಿದರು. ಅವರ ತಪ್ಪೂ ಅಲ್ಲ ಅದು. ಈಗ ಅವಳ ವಯಸ್ಸಿನ, ಬೆಳಿಗ್ಗೆ ಬರಲು ಆಗುವ, ಮುಂದೆ ನಿಲ್ಲಲು ಒಪ್ಪುವ ಹುಡುಗಿಗಾಗಿ ಅಪ್ಪ ಫೋನ್ ಮಾಡುತ್ತಾ ಇದ್ದಾರೆ, ಹೆಣ್ಣು ಹುಡುಕಿದ ಹಾಗೆ.

ಜೋಡಿ ಇಲ್ಲದಾಗ ಒಬ್ಬರೇ ಮಾಡಬಹುದಾದ ಅಭ್ಯಾಸ ಸರ್ವ್. 2018ರಿಂದ ಸರ್ವ್ ಮಾಡುವಾಗ ರಾಕೆಟ್ ತಾಗುವ ಹೊತ್ತಿಗೆ ಕಾಕು ಇಡಿಯಾಗಿ ನೆಲದಿಂದ 1.15 ಮೀಟರ್ ಒಳಗೇ ಇರಬೇಕು, ಅದಕ್ಕೂ ಮೊದಲು ಸರ್ವ್ ಮಾಡುವವರ ಕೊನೆಯ ಪಕ್ಕೆಲುಬಿಗಿಂತ ಕೆಳಗೆ ಅನ್ನೋ ಲೆಕ್ಕ ಇತ್ತು. ಕೋಚ್ ಎರಡು ಕೋಲಿಗೆ ಆ ಎತ್ತರಕ್ಕೆ ಸೆಣಬಿನ ದಾರ ಕಟ್ಟಿಕೊಟ್ಟಿದ್ದಾರೆ. ನಿನ್ನೆ ಬೆಳಿಗ್ಗೆ ನಾವು ಆಟ ಮುಗಿಸಿ ಶೂ ಬಿಚ್ಚುತ್ತಿದ್ದಾಗ ಅವಳು ದಾರದ ಹಿಂದೆ ನಿಂತಿದ್ದಳು. ಗರಿ ಕಿತ್ತುಹೋದ ಹಳೇ ಕಾಕುಗಳು, ಒಂದು ಬಕೆಟ್ ತುಂಬ. ಒಂದು ಪಟ್ಟಿಗೆ ತಾಗಿ ಈಚೆಗೇ ಬಿತ್ತು. ಇನ್ನೊಂದು ಸವರಿಕೊಂಡು ಆಚೆ ಹೋಯಿತು. ಬಕೆಟ್ ಖಾಲಿಯಾದಾಗ ಅಪ್ಪ ಎದ್ದು, ಪಂಚೆ ಎತ್ತಿ ಕಟ್ಟಿ, ನೆಟ್ಟಿನ ಆ ಕಡೆ ಹೋಗಿ ಒಂದೊಂದೇ ಆರಿಸತೊಡಗಿದರು.