ಬಿಟ್ಟು ಬಿಟ್ಟು ಎಳೆಯುವ ಬಿಳಿ ಪಟ್ಟೆಗೆ ಎಷ್ಟು ಚೀಲ ಬೇಕು?

ರೋಡ್ ಮಾರ್ಕಿಂಗ್ ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಯಿತು. ಈಗ ತುಮಕೂರಿನಿಂದ ಗುಬ್ಬಿ ಕಡೆ ಹೋಗುವ ರಸ್ತೆಯಲ್ಲಿದ್ದೇವೆ. ನನ್ನ ಹಾಗೆ ಹೊಸದಾಗಿ ಸೇರುವವರಿಗೆ ಅನುಕೂಲವಾಗಲಿ, ನನಗೂ ಮರೆಯದಿರಲಿ ಅಂತ ಬರೆದಿಡುತ್ತಿದ್ದೇನೆ.

ಕೋನ್ ಇಡುವುದು, ಗುಡಿಸುವುದು ನಾಲ್ಕು ದಿನ ನೋಡಿದರೆ ಬರುತ್ತದೆ. ರಸ್ತೆ ಒಣಗಿರಬೇಕು. ತೇವ ಇದ್ದರೆ ಬಿಸಿ ಬಣ್ಣದ ಅಡಿಯಲ್ಲಿ ನೀರು ಆವಿಯಾಗಿ ಗುಳ್ಳೆ ಏಳುತ್ತದೆ.

ನಾವು ಹಾಕುವುದು ಥರ್ಮೋಪ್ಲಾಸ್ಟಿಕ್. ಅದು 25 ಕೆ.ಜಿ. ಚೀಲದಲ್ಲಿ ಬರುವ ಪುಡಿ. ಕೆಟಲ್‌ನಲ್ಲಿ ಸುಮಾರು 180ರಿಂದ 200 ಡಿಗ್ರಿಗೆ ಕರಗಿಸಿ, ಮೆಷಿನ್‌ಗೆ ಸುರಿದು, 2.5 ಮಿ.ಮೀ. ದಪ್ಪಕ್ಕೆ ಎಳೆಯುತ್ತೇವೆ. ಮೈಮೇಲೆ ಬಿದ್ದರೆ ಕೀಳಲು ಹೋಗಬೇಡಿ, ಚರ್ಮವೂ ಕಿತ್ತು ಬರುತ್ತದೆ. ತಣ್ಣೀರು ಸುರಿಯುತ್ತಾ ಇದ್ದು ಆಸ್ಪತ್ರೆಗೆ ಹೋಗಿ.

ಇನ್ನು ನಾನು ಎಡವಿದ ಜಾಗ. ಒಂದು ಚದರ ಮೀಟರಿಗೆ ಈ ದಪ್ಪದಲ್ಲಿ ಸುಮಾರು 5 ಕೆ.ಜಿ. ಹಿಡಿಯುತ್ತದೆ. 2.5 ಮಿ.ಮೀ. ದಪ್ಪ ಅಂದರೆ ಎರಡೂವರೆ ಲೀಟರ್, ಲೀಟರಿಗೆ ಹತ್ತಿರ ಹತ್ತಿರ 2 ಕೆ.ಜಿ. ತೂಕ. ಅಂದರೆ ಒಂದು ಚೀಲಕ್ಕೆ 5 ಚದರ ಮೀಟರ್. ಪಟ್ಟೆ 10 ಸೆಂ.ಮೀ. ಅಗಲವಿದ್ದರೆ ಒಂದು ಚೀಲದಲ್ಲಿ 50 ಮೀಟರ್ ಉದ್ದ. ಇಲ್ಲಿಯವರೆಗೆ ಸಲೀಸು. ಬಿಡದೆ ಎಳೆದರೆ ಕಿಲೋಮೀಟರಿಗೆ 20 ಚೀಲ.

ಆದರೆ ನಮ್ಮ ನಕ್ಷೆಯಲ್ಲಿ ನಡುಗೆರೆ 3 ಮೀಟರ್ ಪಟ್ಟೆ, 6 ಮೀಟರ್ ಖಾಲಿ. ನಾನು 6ರಲ್ಲಿ 3, ಅಂದರೆ ಅರ್ಧ ಅಂದುಕೊಂಡು 10 ಚೀಲ ಅಂದೆ. ಮೇಸ್ತ್ರಿ ದಾರ ಹಿಡಿಸಿ ನಡೆಸಿದರು. ಪಟ್ಟೆ ಶುರುವಾದಲ್ಲಿ ನಾನು ನಿಂತೆ. 3 ಮೀಟರ್ ಪಟ್ಟೆ ದಾಟಿದೆ, ಆಮೇಲೆ 6 ಮೀಟರ್ ಖಾಲಿ ದಾಟಿದೆ, ಆಗ ಮುಂದಿನ ಪಟ್ಟೆ ಸಿಕ್ಕಿತು. ಒಟ್ಟು ನಡೆದದ್ದು 9 ಮೀಟರ್! 6 ಅನ್ನುವುದು ಬರೀ ಖಾಲಿಯ ಅಳತೆ, ಅದರೊಳಗೆ ಪಟ್ಟೆ ಸೇರಿಲ್ಲ. 9ರಲ್ಲಿ 3 ಅಂದರೆ ಮೂರರಲ್ಲಿ ಒಂದು ಪಾಲು. ಕಿಲೋಮೀಟರಿನಲ್ಲಿ ಸುಮಾರು 111 ಪಟ್ಟೆ, ಬಣ್ಣ ಬೀಳುವ ಉದ್ದ 333 ಮೀಟರ್. 50ರಿಂದ ಭಾಗಿಸಿ: ಆರೂವರೆ ಚೀಲ ಚಿಲ್ಲರೆ, ಅಂದರೆ 7. ನಾನು ಮೂರು ಚೀಲ ಜಾಸ್ತಿ ಹೇಳಿದ್ದೆ.

ಆವತ್ತಿನಿಂದ ನನ್ನ ದಾರಕ್ಕೆ ಎರಡು ಗಂಟು ಹಾಕಿದ್ದೇನೆ. 3ಕ್ಕೆ ಬಿಳಿ ಬಟ್ಟೆಚೂರು, 9ಕ್ಕೆ ಕೆಂಪು. ಬಿಳಿ ಬಂದರೆ ನಿಲ್ಲಿಸು, ಕೆಂಪು ಬಂದರೆ ಶುರು ಮಾಡು. ನಕ್ಷೆ ಬದಲಾದರೆ ಗಂಟೂ ಬದಲಾಗಬೇಕು, ಅಲ್ವಾ? ಹಾಗಾಗಿ ಕೆಲಸ ಶುರು ಮಾಡುವ ಮುಂಚೆ ಕೇಳಿಕೊಳ್ಳಿ.

ಗಾಜಿನ ಮಣಿ: ರಾತ್ರಿ ಪಟ್ಟೆ ಹೊಳೆಯುವುದು ಇದರಿಂದಲೇ. ಪುಡಿಯಲ್ಲೇ ಸ್ವಲ್ಪ ಬೆರೆತಿರುತ್ತದೆ, ಮೇಲ್ಪದರ ಸವೆದ ಮೇಲೆ ಹೊರಬರುತ್ತದೆ. ಮೊದಲ ರಾತ್ರಿಯೇ ಹೊಳೆಯಬೇಕಾದರೆ ಬಿಸಿ ಇರುವಾಗಲೇ ಮೇಲೆ ಉದುರಿಸಬೇಕು, ಚದರ ಮೀಟರಿಗೆ 250 ಗ್ರಾಂ. ಮಣಿ ಅರ್ಧ ಮುಳುಗಿ ಅರ್ಧ ಹೊರಗಿರಬೇಕು. ಪೂರ್ತಿ ಮುಳುಗಿದರೆ ಬೆಳಕು ಒಳಗೆ ಹೋಗುವುದಿಲ್ಲ, ತಡವಾಗಿ ಉದುರಿಸಿದರೆ ಅಂಟದೆ ಹಾರಿಹೋಗುತ್ತದೆ.

ಕತ್ತಲಾದ ಮೇಲೆ ನೋಡುವ ಬಗೆ: ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿಯಿರಿ. ಮಣಿ ಬೆಳಕನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. ಟಾರ್ಚ್ ದೂರ ಹಿಡಿದರೆ ಒಳ್ಳೆಯ ಪಟ್ಟೆಯೂ ಮಂಕಾಗಿ ಕಾಣುತ್ತದೆ. ಮೊನ್ನೆ ಹೀಗೆ ನೋಡಿದಾಗ ಸಾಲಿನಲ್ಲಿ ಎರಡು ಪಟ್ಟೆ ಮಾತ್ರ ಹೊಳೆಯಲಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಮಣಿ ಡಬ್ಬಿ ಖಾಲಿಯಾಗಿತ್ತು.