ಮನೆಯಲ್ಲೇ ಪಶು ಆಹಾರ ಮಾಡಿಕೊಂಡರೆ ಖರ್ಚು ಇಳಿಯುತ್ತದೆಯೇ?

ಪ್ರಶ್ನೆ: ಎರಡು ಸೀಮೆಹಸು ಇವೆ. ಡೇರಿಯಿಂದ ಬರುವ ಬಟವಾಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಫೀಡ್ ಮೂಟೆಗೇ ಹೋಗುತ್ತಿದೆ. ಊರಲ್ಲಿ ಸಿಗುವ ಪದಾರ್ಥಗಳಿಂದ ನಾವೇ ಆಹಾರ ಮಾಡಿಕೊಳ್ಳಬಹುದೇ? ಹಾಲು ಇಳಿಯುವುದಿಲ್ಲವೇ?

ಮಾಡಿಕೊಳ್ಳಬಹುದು. ಆದರೆ ಹಿಂಡಿ, ಬೂಸಾ, ಜೋಳ ಎಲ್ಲವನ್ನೂ ಚಿಲ್ಲರೆ ಬೆಲೆಗೆ ಅಂಗಡಿಯಿಂದ ತಂದು ಮನೆಯಲ್ಲಿ ಬೆರೆಸಿದರೆ ಉಳಿಯುವುದು ಅಷ್ಟಕ್ಕಷ್ಟೇ. ಕೆಲವೊಮ್ಮೆ ಮೂಟೆಗಿಂತ ದುಬಾರಿಯೂ ಆದೀತು. ನಿಜವಾದ ಉಳಿತಾಯ ಇರುವುದು ಹೊಲದ ಬದುವಿನಲ್ಲಿ ಮತ್ತು ಹುಲ್ಲಿನ ಬಣವೆಯಲ್ಲಿ.

ಮೊದಲು ಮಿಶ್ರಣದ ಮಾತು ಮುಗಿಸೋಣ. 100 ಕೆಜಿಗೆ ಮುಸುಕಿನ ಜೋಳದ ನುಚ್ಚು 35, ಕಡಲೆಕಾಯಿ ಹಿಂಡಿ 25, ಗೋಧಿ ಬೂಸಾ 20, ಅಕ್ಕಿ ತೌಡು 17, ಖನಿಜ ಮಿಶ್ರಣ 2, ಉಪ್ಪು 1 ಕೆಜಿ ಹಾಕಿದರೆ ಪ್ರೋಟೀನ್ ಸುಮಾರು ಶೇ. 18 ಬರುತ್ತದೆ. ಹಾಲು ಕೊಡುವ ಹಸುವಿಗೆ ಅದು ಸಾಕು. ಮೈ ನಿಭಾಯಿಸಲು ದಿನಕ್ಕೆ ಒಂದರಿಂದ ಒಂದೂವರೆ ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಜೋಳ ನಿಮ್ಮ ಹೊಲದ್ದೇ ಆಗಿದ್ದರೆ, ತೌಡು ಪಕ್ಕದ ಅಕ್ಕಿ ಮಿಲ್ಲಿನಿಂದ ನೇರ ಸಿಕ್ಕರೆ ಮಾತ್ರ ಈ ದಾರಿ ಲಾಭ.

ಕೊಳ್ಳುವಾಗ ಕೆಜಿ ಬೆಲೆಯಷ್ಟನ್ನೇ ನೋಡಬೇಡಿ. ಹಿಂಡಿ ಕೆಜಿಗೆ 50 ರೂಪಾಯಿ, ಬೂಸಾ 28 ಎಂದುಕೊಳ್ಳಿ. ಹಿಂಡಿಯಲ್ಲಿ ಪ್ರೋಟೀನ್ ಶೇ. 40ರ ಆಸುಪಾಸು, ಬೂಸಾದಲ್ಲಿ 15. ಒಂದು ಕೆಜಿ ಪ್ರೋಟೀನಿಗೆ ಹಿಂಡಿಯಲ್ಲಿ 125 ರೂಪಾಯಿ ಬಿದ್ದರೆ ಬೂಸಾದಲ್ಲಿ 187 ಬೀಳುತ್ತದೆ. ಅಗ್ಗವೆಂದು ಬೂಸಾವನ್ನೇ ಬಕೆಟ್ಟುಗಟ್ಟಲೆ ಕಲಸಿ ಕುಡಿಸುವವರು ಈ ಲೆಕ್ಕ ಹಾಕಿದವರಲ್ಲ. ನಿಮ್ಮೂರಿನ ಇವತ್ತಿನ ದರ ಇಟ್ಟು ನೀವೇ ಮಾಡಿ ನೋಡಿ.

ಇನ್ನು ಬದುವಿನ ವಿಷಯ. ಅಲಸಂದೆ, ಕುದುರೆ ಮೆಂತೆಯಂಥ ದ್ವಿದಳ ಹಸಿ ಮೇವು 6ರಿಂದ 8 ಕೆಜಿ ತಿಂದ ಹಸುವಿಗೆ ಒಂದು ಕೆಜಿ ಫೀಡ್ ಕಡಿಮೆ ಮಾಡಬಹುದು. ಜೋಳದ ಜಾತಿಯ ಹಸಿ ಹುಲ್ಲಾದರೆ ಅದೇ ಒಂದು ಕೆಜಿಗೆ 20 ಕೆಜಿ ಬೇಕು. ಹಾಗಾಗಿ ನೇಪಿಯರ್ ಹುಲ್ಲಿನ ಸಾಲುಗಳ ನಡುವೆ ಅಲಸಂದೆ ಚೆಲ್ಲಿ. ಬೇಲಿಗೆ ಅಗಸೆ ಮರ, ನುಗ್ಗೆ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ನೆಡಿ. ಗೊಬ್ಬರದ ಗಿಡದ ಸೊಪ್ಪಿನ ವಾಸನೆಗೆ ಹಸು ಮೊದಲು ಮೂತಿ ತಿರುಗಿಸುತ್ತದೆ. ಒಂದು ದಿನ ಬಾಡಿಸಿ, ಬೇರೆ ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ ಕೊಟ್ಟರೆ ರೂಢಿಯಾಗುತ್ತದೆ. ಕೋಲಾರ, ರಾಮನಗರದ ಕಡೆ ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು ಒಳ್ಳೆಯ ಮೇವೇ. ಹುಳುವಿನ ಹಾಸಿಗೆಗೆ ಸೋಂಕುನಾಶಕ ಪುಡಿ ಎರಚಿದ್ದರೆ ಮಾತ್ರ ಅದು ತಿಪ್ಪೆಗೆ ಹೋಗಲಿ.

ರಾಗಿ ಹುಲ್ಲಿದ್ದವರು ಪುಣ್ಯವಂತರು, ಕತ್ತರಿಸಿ ಹಾಕಿದರಾಯಿತು. ಭತ್ತದ ಹುಲ್ಲಿಗೆ ಮಾತ್ರ ಉಪಚಾರ ಬೇಕು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿ ಆಡದಂತೆ ಟಾರ್ಪಾಲ್ ಮುಚ್ಚಿ 21 ದಿನ ಬಿಡಿ. ಯೂರಿಯಾ ಅಮೋನಿಯಾ ಆಗಿ ನಾರನ್ನು ಮೆದು ಮಾಡುತ್ತದೆ, ಶೇ. 3–4 ಇದ್ದ ಪ್ರೋಟೀನ್ 7ರ ಆಚೀಚೆ ಏರುತ್ತದೆ. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಹರವಿ, ಆಮೇಲೆ ಹಾಕಿ. ಆರು ತಿಂಗಳೊಳಗಿನ ಕರುವಿಗೆ ಇದು ಬೇಡ. ಯೂರಿಯಾ ನೀರನ್ನು ದನ ಕುಡಿಯದಂತೆ, ಚೀಲ ಕೊಟ್ಟಿಗೆಯಲ್ಲಿ ಬಿದ್ದಿರದಂತೆ ನೋಡಿಕೊಳ್ಳಿ. ಅಲ್ಲಿ ಹುಡುಗಾಟ ನಡೆಯುವುದಿಲ್ಲ, ದನ ಸಾಯುತ್ತದೆ.

ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸಸ್ಯ ಅಜೋಲಾ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ಬೆಳೆಸಿ, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ಪಾಲು ನೀರೇ. ಎರಡು ಕೆಜಿ ಹಸಿ ಅಜೋಲಾದಲ್ಲಿ ಸಿಗುವ ಪ್ರೋಟೀನ್ ಒಂದು ಹಿಡಿ ಕಡಲೆಕಾಯಿ ಹಿಂಡಿಯಲ್ಲೂ ಇದೆ. ಅದನ್ನು ನಂಬಿ ಮೂಟೆ ನಿಲ್ಲಿಸಿದರೆ ಹಾಲು ಖಂಡಿತ ಇಳಿಯುತ್ತದೆ.

ಬಿಟ್ಟಿ ಸಿಗುವುದೆಲ್ಲ ಆಹಾರವಲ್ಲ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಒಮ್ಮೆಲೇ ಸುರಿದರೆ ಹೊಟ್ಟೆಯಲ್ಲಿ ಹುಳಿಯೇರಿ ಹಸು ಮಲಗಿಬಿಡುತ್ತದೆ. ಮಳೆಯಿಲ್ಲದೆ ಕುಗ್ಗಿದ ಎಳೆ ಜೋಳದ ಪೈರಿನಲ್ಲಿ ವಿಷ ಇರುತ್ತದೆ. ಬೂಸ್ಟು ಹಿಡಿದ ಹಿಂಡಿ, ಜೋಳದ ವಿಷ ಹಾಲಿಗೂ ಇಳಿಯುತ್ತದೆ. ಒಣಗಿಸಿದರೂ, ಬೇಯಿಸಿದರೂ ಹೋಗುವುದಿಲ್ಲ.

ಹಾಲು ಇಳಿಯಬಾರದೆಂದರೆ ಬದಲಾವಣೆಯನ್ನು ಹತ್ತು ದಿನಕ್ಕೆ ಹಂಚಿ. ಮೂಟೆಯ ಫೀಡಿನಲ್ಲಿ ಕಾಲು ಭಾಗ ತೆಗೆದು ನಿಮ್ಮದನ್ನು ಸೇರಿಸಿ, ಸಗಣಿ ಗಟ್ಟಿಯಾಗಿಯೇ ಇದ್ದರೆ ಇನ್ನೊಂದು ಕಾಲು. ಡೇರಿ ಚೀಟಿಯಲ್ಲಿ ಲೀಟರ್ ಜೊತೆ ಫ್ಯಾಟನ್ನೂ ನೋಡುತ್ತಿರಿ. ಎರಡರಲ್ಲಿ ಒಂದು ಕುಸಿದರೂ ಹಿಂದಿನ ಅಳತೆಗೆ ಮರಳಿ.